ಎಕರೆಯ ಲೆಕ್ಕಕ್ಕೆ ಸಿಗದ ಹಿತ್ತಲು

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಎರಡನೆಯ ಬೆಳೆಗೆ ನೀರು ಬಿಡಬೇಕೇ ಬೇಡವೇ ಎಂಬ ವಿವಾದ ರಾಯಚೂರು ಜಿಲ್ಲೆಗೆ ಹೊಸದಲ್ಲವಾದರೂ, 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೆಯ ಕ್ರಸ್ಟ್ ಗೇಟ್, ಅಂದರೆ ಅಣೆಕಟ್ಟೆಯ ನೆತ್ತಿಯಲ್ಲಿದ್ದು ಹೆಚ್ಚಿನ ನೀರನ್ನು ನದಿಗೆ ಬಿಡಲು ಎತ್ತುವ ಉಕ್ಕಿನ ಬಾಗಿಲು, ಸರಪಳಿ ಕಡಿದು ಕೊಚ್ಚಿಹೋದ ಮೇಲೆ ಅದು ಹಿಂದೆಂದಿಗಿಂತಲೂ ತೀವ್ರವಾಯಿತು. ವಾರದೊಳಗೆ ತಾತ್ಕಾಲಿಕ ತಡೆಬಾಗಿಲನ್ನು ಇಳಿಸಿ ಆ ವರ್ಷದ ಬೆಳೆಯನ್ನು ಉಳಿಸಿಕೊಳ್ಳಲಾಯಿತು. ಆದರೆ 2025ರ ಮಳೆಗಾಲದಲ್ಲಿ ಸುರಕ್ಷತೆಯ ದೃಷ್ಟಿಯಿಂದ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಲಾಯಿತು, ಮತ್ತು ಎಲ್ಲ 33 ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ ಆ ಸಾಲಿನ ಎರಡನೆಯ ಬೆಳೆಗೆ ನೀರಿಲ್ಲವೆಂದು ತೀರ್ಮಾನಿಸಲಾಯಿತು. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಸರಿಸುಮಾರು 2,830 ಕೋಟಿ ಲೀಟರ್ ನೀರು.

ಈ ತೀರ್ಮಾನದ ಸುತ್ತ ಎದ್ದ ವಾಗ್ವಾದದಲ್ಲಿ ಆಡಳಿತ ಪಕ್ಷವು ಗೇಟಿನ ಸುರಕ್ಷತೆಯನ್ನೂ ವಿರೋಧ ಪಕ್ಷಗಳು ಎಕರೆವಾರು ಪರಿಹಾರವನ್ನೂ ಮುಂದಿಟ್ಟವು. ಎರಡೂ ಕಡೆಯ ಮಾತು ತನ್ನ ಮಟ್ಟಿಗೆ ನ್ಯಾಯವಾದದ್ದೇ. ಆದರೆ ಎರಡೂ ಕಡೆಯವರು ನೀರನ್ನು ಅಳೆಯಲು ಬಳಸಿದ ಮಾಪನ ಒಂದೇ ಆಗಿತ್ತು, ಅದು ಎಕರೆ. ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ತಾಲ್ಲೂಕುಗಳ ಊರುಗಳಲ್ಲಿ ಎಕರೆಯ ಲೆಕ್ಕಕ್ಕೆ ಸಿಗದ ಇನ್ನೊಂದು ಕೃಷಿ ಇದೆ. ಅದು ಮನೆಯ ಹಿತ್ತಲಿನದು, ಹೆಚ್ಚಾಗಿ ಹೆಂಗಸರ ಕೈಯಲ್ಲಿರುವುದು. ಕಾಲುವೆಯ ಚರ್ಚೆ ಆ ಹಿತ್ತಲಿನಿಂದ ಶುರುವಾಗಬೇಕು, ಗದ್ದೆಯಿಂದಲ್ಲ ಎಂಬುದೇ ಈ ಲೇಖನದ ವಾದ.

ಪಂಚಾಂಗದ ಪ್ರಕಾರ ಚೈತ್ರ ಮತ್ತು ವೈಶಾಖ ಸೇರಿ ವಸಂತ ಋತುವಾಗುತ್ತದೆ. ಕಾವ್ಯದ ವಸಂತಕ್ಕೆ ಚಿಗುರೂ ಕೋಗಿಲೆಯೂ ಇದ್ದರೆ ರಾಯಚೂರು ಸೀಮೆಯ ವಸಂತದ ಕೊನೆಗೆ ಇರುವುದು ನಲವತ್ತು ಡಿಗ್ರಿ ದಾಟಿದ ಬಿಸಿಲು. ಯುಗಾದಿಯ ಬೇವಿನ ಹೂ ಉದುರಿ ಕಾಯಿ ಕಟ್ಟುವ ಹೊತ್ತಿಗೆ ಎರೆಭೂಮಿ ಅಂಗೈ ಇಳಿಯುವಷ್ಟು ಬಿರಿದಿರುತ್ತದೆ, ಲಿಂಗಸುಗೂರಿನ ಕಡೆಯ ಮಸಾರಿ ನೆಲ ಕಾದ ಹಂಚಿನಂತಾಗಿರುತ್ತದೆ. ಈ ದಿನಗಳಲ್ಲಿ ಹಿತ್ತಲಲ್ಲಿ ಉಳಿಯುವುದು ಆಯ್ದ ಕೆಲವೇ ಗಿಡಗಳು: ಬಚ್ಚಲ ಬಾಯಿಯಲ್ಲಿ ಒಂದು ನುಗ್ಗೆ, ಅದರ ಪಕ್ಕ ಕರಿಬೇವು, ತಂತಿಗೆ ಹಬ್ಬಿಸಿದ ಹೀರೆಬಳ್ಳಿ, ನೆರಳಿದ್ದಲ್ಲಿ ಒಂದಿಷ್ಟು ಪುಂಡಿಪಲ್ಲೆ ಮತ್ತು ರಾಜಗಿರಿ, ಎರಡು ಬದನೆ, ಒಂದು ಮಲ್ಲಿಗೆ. ಗಿಡದ ಸುತ್ತ ತೋಡಿದ ಪಾತಿಯ ಮೇಲೆ ಮಿಲ್ಲಿನಿಂದ ತಂದ ಭತ್ತದ ಹೊಟ್ಟನ್ನು ನಾಲ್ಕು ಬೆರಳು ದಪ್ಪ ಹರಡಿದರೆ ನೀರು ಬೇಗ ಆರುವುದಿಲ್ಲ. ಅಕ್ಕಿ ತೊಳೆದ ನೀರು ಪುಂಡಿಗೆ, ಪಾತ್ರೆ ತೊಳೆದ ನೀರು ನುಗ್ಗೆಗೆ, ಸಾಬೂನು ಕಡಿಮೆಯಿರುವ ಸ್ನಾನದ ನೀರು ಮಲ್ಲಿಗೆಗೆ ಎಂಬ ಹಂಚಿಕೆಯೂ ಇರುತ್ತದೆ. ಹೊತ್ತು ಮುಳುಗಿದ ಮೇಲೆ, ತಂಬಿಗೆಯಲ್ಲಿ, ಬುಡಕ್ಕೆ ಮಾತ್ರ. ಯಾವ ನೀರಾವರಿ ಇಲಾಖೆಯೂ ಸಾಧಿಸದ ಸರದಿ ಪದ್ಧತಿ ಅಲ್ಲಿ ಯಾವ ಆದೇಶವೂ ಇಲ್ಲದೆ ನಡೆಯುತ್ತದೆ. ಬೇಸಿಗೆಯಲ್ಲಿ ಸಂತೆಯ ತರಕಾರಿ ತುಟ್ಟಿಯಾದಾಗ ಕೂಲಿಯ ಮನೆಯ ರೊಟ್ಟಿಗೆ ಪಲ್ಲೆ ಸಿಗುವುದು ಇಲ್ಲಿಂದಲೇ.

ಈ ಹಿತ್ತಲಿಗೆ ಬೇಕಾದ ನೀರೆಷ್ಟು ಎಂಬುದನ್ನು ಲೆಕ್ಕ ಹಾಕಿ ನೋಡಬೇಕು. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಮಡಿಯೊಂದಕ್ಕೆ ಕಡುಬೇಸಿಗೆಯಲ್ಲಿ ದಿನಕ್ಕೆ 8 ಮಿಲಿಮೀಟರ್ ನೀರು ಬೇಕೆಂದು ಉದಾರವಾಗಿಯೇ ಹಿಡಿದರೂ ಅದು 72 ಲೀಟರ್ ಆಗುತ್ತದೆ. ತೊಂಬತ್ತು ದಿನಕ್ಕೆ 6,480 ಲೀಟರ್. ಭತ್ತಕ್ಕೆ ಒಂದು ಹಂಗಾಮಿಗೆ ಸುಮಾರು 1,200 ಮಿಲಿಮೀಟರ್ ನೀರು ಬೇಕೆಂಬುದು ಕೃಷಿಶಾಸ್ತ್ರದ ಸಾಮಾನ್ಯ ಅಂದಾಜು. ಒಂದು ಎಕರೆಗೆ ಅದು 48 ಲಕ್ಷ ಲೀಟರ್ ದಾಟುತ್ತದೆ. ಅಂದರೆ ಬೇಸಿಗೆಯ ಒಂದು ಎಕರೆ ಭತ್ತ ಕುಡಿಯುವ ನೀರಿನಲ್ಲಿ ಸುಮಾರು 750 ಮನೆಗಳ ಹಿತ್ತಲು ಮಳೆಗಾಲದವರೆಗೆ ಹಸಿರಾಗಿರಬಲ್ಲದು. ಒಂದು ಇಡೀ ಊರು ಒಂದು ಎಕರೆ ಗದ್ದೆಗೆ ಸಮ. ಇಷ್ಟು ಅಲ್ಪ ನೀರನ್ನು ಕೊನೆಯ ಊರಿಗೆ ಮುಟ್ಟಿಸಲಾಗದ ಕಾಲುವೆ ನೀರಿನ ಅಭಾವದಿಂದ ಸೋತಿಲ್ಲ, ಆದ್ಯತೆಯನ್ನು ತಪ್ಪಿದ್ದರಿಂದ ಸೋತಿದೆ.

ಆದ್ಯತೆ ಹೀಗೆ ತಪ್ಪಿದ್ದು ಒಂದೇ ದಿನದಲ್ಲಲ್ಲ. ಹೈದರಾಬಾದ್ ಸಂಸ್ಥಾನ ಮತ್ತು ಮದ್ರಾಸ್ ಪ್ರಾಂತಗಳು ಜಂಟಿಯಾಗಿ 1945ರಲ್ಲಿ ಕೈಗೆತ್ತಿಕೊಂಡು 1953ರಲ್ಲಿ ಕಾಲುವೆಗೆ ನೀರು ಹರಿಸಿದ ತುಂಗಭದ್ರಾ ಯೋಜನೆ ಮೂಲತಃ ಬರ ನಿವಾರಣೆಯ ಯೋಜನೆ. ಸ್ವಲ್ಪ ನೀರನ್ನು ಹೆಚ್ಚು ನೆಲಕ್ಕೆ ಹರಡಿ, ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನು ಬರದಿಂದ ಕಾಪಾಡುವುದು ಅದರ ಉದ್ದೇಶವಾಗಿತ್ತು; ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆ, ಯಾವ ಹಂಗಾಮಿನಲ್ಲಿ ನೀರು ಎಂದು ಮೊದಲೇ ಗೊತ್ತುಪಡಿಸುವ ಲೋಕಲೈಜೇಷನ್ ಎಂಬ ವ್ಯವಸ್ಥೆ ಅದರ ಬೆನ್ನೆಲುಬಾಗಿತ್ತು. ಆ ಪಟ್ಟಿಯಲ್ಲಿ ಭತ್ತಕ್ಕೆ ಸಿಕ್ಕಿದ್ದು ಸಣ್ಣ ಪಾಲು. ಆದರೆ ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಸುಮಾರು 227 ಕಿಲೋಮೀಟರ್ ಸಾಗಿ ಸುಮಾರು 6 ಲಕ್ಷ ಎಕರೆಗೆ ನೀರುಣಿಸಬೇಕಾದ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಪಟ್ಟಿಯಲ್ಲಿ ಇಲ್ಲದ ಜಮೀನುಗಳೂ ಪೈಪು ಹಾಕಿ ನೀರೆತ್ತಿಕೊಂಡವು, ಪಟ್ಟಿಯಲ್ಲಿದ್ದ ಕೆಳಭಾಗ ಒಣಗಿತು. ಇತ್ತ ಹೂಳು ತುಂಬಿ ಜಲಾಶಯದ ಸಾಮರ್ಥ್ಯ ಸುಮಾರು 133 ಟಿಎಂಸಿಯಿಂದ 105.788ಕ್ಕೆ ಇಳಿಯಿತು. ನೀರು ಕುಗ್ಗಿತು, ಭತ್ತ ಹಿಗ್ಗಿತು. ನಡುವೆ ಬರೆದಿಟ್ಟ ನಿಯಮ ಕಡತದಲ್ಲೇ ಉಳಿಯಿತು.

ಇಂದಿಗೂ ಈ ಭಾಗದ ರೈತರು ಕಾಲುವೆಯ ಮಾತನ್ನು ಮೈಲಿನಲ್ಲೇ ಆಡುತ್ತಾರೆ: 47ನೆಯ ಮೈಲಿನಲ್ಲಿ ಗೇಜ್ ಎಷ್ಟಿದೆ, 69ರಲ್ಲಿ ಎಷ್ಟು, 104ಕ್ಕೆ ಏನಾದರೂ ಮುಟ್ಟಿತೇ. ಗೇಜ್ ಎಂದರೆ ಕಾಲುವೆಯ ಗೋಡೆಗೆ ಅಡಿ ಗುರುತು ಹಾಕಿದ ಅಳತೆಪಟ್ಟಿ. ಆ ಪಟ್ಟಿಯ ಮೇಲೆ ಅರ್ಧ ಅಡಿ ಇಳಿದರೆ ಕೆಳಭಾಗದಲ್ಲಿ ರಸ್ತೆ ತಡೆ ಶುರುವಾಗುತ್ತದೆ. ಬೇಸಿಗೆಯಲ್ಲಿ ಕುಡಿಯುವ ನೀರಿನ ಕೆರೆಗಳನ್ನು ತುಂಬಿಸಲು ಕಾಲುವೆಗೆ ನೀರು ಬಿಟ್ಟಾಗಲೂ ದಂಡೆಯುದ್ದಕ್ಕೂ ನಿಷೇಧಾಜ್ಞೆ ಹೊರಡಿಸಿ ಪೊಲೀಸರನ್ನು ನಿಲ್ಲಿಸಬೇಕಾಗುತ್ತದೆ. ಕಾಲುವೆಯಿಂದ ಅಕ್ರಮವಾಗಿ ನೀರೆತ್ತುವುದಕ್ಕೆ ಶಿಕ್ಷೆಯನ್ನು ಬಿಗಿಗೊಳಿಸುವ ತಿದ್ದುಪಡಿಯನ್ನು 1965ರ ಕರ್ನಾಟಕ ನೀರಾವರಿ ಕಾಯ್ದೆಗೆ 2024ರಲ್ಲಿ ತರಲಾಯಿತು. ಕಾಯ್ದೆ ಬೇಕಾದದ್ದೇ, ಆದರೆ ಪಂಪ್‌ಸೆಟ್ ಇಟ್ಟವನ ಬೆನ್ನಿಗೆ ಪಕ್ಷಭೇದವಿಲ್ಲದೆ ನಿಲ್ಲುವ ರಾಜಕಾರಣ ಇರುವವರೆಗೆ ಕಾಯ್ದೆಯ ಬಿಗಿ ಗೆಜೆಟ್ಟಿನ ಪುಟ ದಾಟಿ ಕಾಲುವೆಯ ದಂಡೆಗೆ ಬರುವುದಿಲ್ಲ.

ಆ ರಾಜಕಾರಣದ ಹಂಗಾಮೂ ವಸಂತದ ಕೊನೆಯದೇ ಎಂಬುದು ಗಮನಿಸಬೇಕಾದ ಸಂಗತಿ. ವಿಧಾನಸಭೆಗೆ 2013ರ ಮೇ 5ರಂದು, 2018ರ ಮೇ 12ರಂದು, 2023ರ ಮೇ 10ರಂದು ಮತದಾನವಾಯಿತು. ಲೋಕಸಭೆಗೆ ಈ ಮೂರೂ ತಾಲ್ಲೂಕುಗಳು 2019ರ ಏಪ್ರಿಲ್ 23ರಂದು ಮತ್ತು 2024ರ ಮೇ 7ರಂದು ಮತ ಹಾಕಿದವು. ಕಾಲುವೆ ಬತ್ತಿ, ಕೊಡಗಳನ್ನು ತಳ್ಳುಗಾಡಿಯಲ್ಲಿಟ್ಟು ನೀರು ತರುವ ದಿನಗಳಲ್ಲೇ ಪ್ರಚಾರದ ವಾಹನಗಳು ಊರಿಗೆ ಬರುತ್ತವೆ. ಆದರೂ ಅವುಗಳ ಧ್ವನಿವರ್ಧಕದಲ್ಲಿ ಕೇಳಿಬರುವುದು ಬರಲಿರುವ ಯೋಜನೆಗಳ ಕೋಟಿಗಳೇ ಹೊರತು ಈ ಮೇ ತಿಂಗಳ ನೀರಲ್ಲ. ಹೊಂದಿಕೊಂಡಿರುವ ಈ ತಾಲ್ಲೂಕುಗಳಲ್ಲಿ ಸಿಂಧನೂರು ಮತ್ತು ಮಸ್ಕಿ ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೂ ಲಿಂಗಸುಗೂರು ರಾಯಚೂರು ಕ್ಷೇತ್ರಕ್ಕೂ ಸೇರಿರುವುದರಿಂದ, ತುಂಗಭದ್ರೆಯ ನೀರಿಗೂ ಕೃಷ್ಣೆಯ ನೀರಿಗೂ ಒಟ್ಟಾಗಿ ದನಿಯೆತ್ತುವ ಒಬ್ಬ ಸಂಸದನೂ ಇಲ್ಲಿಗೆ ಸಿಗುವುದಿಲ್ಲ.

ಪ್ರಚಾರದಲ್ಲಿ ನೀರಿನ ಮಾತು ಕೇಳಿಬರುವುದಿಲ್ಲ ಎಂಬುದಕ್ಕೆ 2021ರ ಏಪ್ರಿಲ್ 17ರ ಮಸ್ಕಿ ಉಪಚುನಾವಣೆ ಅಪವಾದವೆಂದು ಹೇಳುವವರಿದ್ದಾರೆ. ಕೃಷ್ಣಾ ನದಿಯ ನಾರಾಯಣಪುರ ಜಲಾಶಯದ ಬಲದಂಡೆ ಕಾಲುವೆಯಿಂದ 5ಎ ಎಂಬ ಶಾಖೆಯನ್ನು ತೆಗೆದು ತಮ್ಮ ಒಣಭೂಮಿಗೆ ನೀರು ಕೊಡಬೇಕೆಂದು ಪಾಮನಕಲ್ಲೂರಿನಲ್ಲಿ ರೈತರು 2020ರ ಕೊನೆಯಿಂದ ಧರಣಿ ಕುಳಿತಿದ್ದರು. ನಂದವಾಡಗಿ ಏತ ನೀರಾವರಿಯನ್ನು, ಅಂದರೆ ಪಂಪುಗಳಿಂದ ನೀರನ್ನು ಮೇಲೆತ್ತಿ ಹರಿಸುವ ಯೋಜನೆಯನ್ನು, ಪರ್ಯಾಯವಾಗಿ ಕೊಡಲು ಬಂದ ಸರ್ಕಾರದ ಮಾತಿಗೆ ಅವರು ಒಪ್ಪಲಿಲ್ಲ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳರ ಎದುರು ಕೇವಲ 213 ಮತಗಳಿಂದ ಗೆದ್ದಿದ್ದರು. ಉಪಚುನಾವಣೆಯಲ್ಲಿ ಅದೇ ಇಬ್ಬರು ಪಕ್ಷ ಅದಲುಬದಲು ಮಾಡಿಕೊಂಡು ಎದುರಾದಾಗ ಕಾಂಗ್ರೆಸ್ಸಿನಿಂದ ನಿಂತ ತುರ್ವಿಹಾಳರು ಮೂವತ್ತು ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಕಾಲುವೆಯೊಂದು ಚುನಾವಣೆಯ ಮುಖ್ಯ ಮಾತಾಯಿತು ಎಂಬುದು ದೊಡ್ಡದೇ. ಆದರೆ ಆ ಹೋರಾಟವೂ ಕೇಳಿದ್ದು ಎಕರೆಯ ನೀರನ್ನೇ. ಕಾಲುವೆ ಬಂದ ಕಡೆಯೆಲ್ಲ ಭತ್ತವೂ ಬಂದು ಕೊನೆಯ ಊರು ಮತ್ತೆ ಒಣಗಿದ ಎಡದಂಡೆಯ ಪಾಠ ಅಲ್ಲಿ ಚರ್ಚೆಯಾಗದಿದ್ದರೆ, ನಾಳೆ 5ಎ ಕಾಲುವೆಗೂ ತನ್ನದೇ ಕೆಳಭಾಗದ ರೈತರು ಹುಟ್ಟಿಕೊಳ್ಳುತ್ತಾರೆ.

ಭತ್ತದ ರೈತರ ಉತ್ತರವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸಿಂಧನೂರಿನ ಸುತ್ತಲಿನ ಕ್ಯಾಂಪುಗಳಲ್ಲಿ, ಅಂದರೆ ಕಾಲುವೆ ಬಂದ ಮೇಲೆ ಆಂಧ್ರದ ಕಡೆಯಿಂದ ಬಂದವರು ಕಟ್ಟಿಕೊಂಡ ವಸತಿಗಳಲ್ಲಿ, ಎರಡು ಮೂರು ತಲೆಮಾರು ನೆಲ ಸಮ ಮಾಡಿ ಗದ್ದೆ ಕಟ್ಟಿದೆ. ಜೌಗು ಹಿಡಿದ, ಸವುಳು ಏರಿದ ಎರೆಯಲ್ಲಿ ಬೇರೆ ಬೆಳೆ ಏಳುವುದು ಕಷ್ಟ. ಮಿಲ್ಲು, ಸಾಲ, ಗೊಬ್ಬರದ ಅಂಗಡಿ ಎಲ್ಲವೂ ಭತ್ತವನ್ನೇ ನಂಬಿವೆ. ಮುಖ್ಯವಾಗಿ, ಎರಡನೆಯ ಬೆಳೆ ತಪ್ಪಿದರೆ ನಾಟಿ ಮತ್ತು ಕಳೆ ಕೀಳುವ ಕೂಲಿಯೂ ತಪ್ಪುತ್ತದೆ, ಕೂಲಿ ತಪ್ಪಿದವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಈ ಕೊನೆಯ ಮಾತು ನಿಜ. ನಿಜವಾದ್ದರಿಂದಲೇ ಎಕರೆವಾರು ಪರಿಹಾರದ ಬೇಡಿಕೆ ತಪ್ಪು. ಆ ಹಣ ಪಹಣಿಯಲ್ಲಿ ಹೆಸರಿದ್ದವರಿಗೆ ಸೇರುತ್ತದೆ. ಗುತ್ತಿಗೆಗೆ ಮಾಡಿದವರಿಗೂ ಸಾಲು ಹಿಡಿದು ನಾಟಿ ಹಚ್ಚುವ ಹೆಂಗಸಿಗೂ ಅದರಲ್ಲಿ ಬಿಡಿಗಾಸಿಲ್ಲ. ಗುಳೆ ಹೋದ ಮನೆಯ ಹಿತ್ತಲು ಮೇ ಮುಗಿಯುವ ಮೊದಲೇ ಒಣಕಡ್ಡಿಯಾಗಿರುತ್ತದೆ. ಗದ್ದೆ ಮತ್ತು ಹಿತ್ತಲಿನ ನಡುವೆ ಜಗಳ ಹಚ್ಚುವುದು ಇಲ್ಲಿನ ಉದ್ದೇಶವಲ್ಲ. ಒಂದೇ ಮನೆಯ ಎರಡು ಜೀವನೋಪಾಯಗಳಲ್ಲಿ ಒಂದನ್ನಷ್ಟೇ ಎಣಿಸುವ ಆಡಳಿತವನ್ನು ಪ್ರಶ್ನಿಸುವುದು ಉದ್ದೇಶ.

ಎಣಿಸದಿರುವುದರ ಜೊತೆಗೆ ಆಡಳಿತ ತನ್ನನ್ನು ತಾನೇ ಅಲ್ಲಗಳೆಯುವುದೂ ಉಂಟು. ಉದ್ಯೋಗ ಖಾತರಿ ಯೋಜನೆಯಡಿ ಒಂದೆಡೆ ಮನೆಯಂಗಳದ ಪೌಷ್ಟಿಕ ಕೈತೋಟಕ್ಕೆ, ಇನ್ನೊಂದೆಡೆ ಮನೆಬಳಕೆಯ ನೀರನ್ನು ನೆಲಕ್ಕೆ ಇಂಗಿಸುವ ಬಚ್ಚಲು ಗುಂಡಿಗೆ ಹಣ ಬಂದಿದೆ. ರಸ್ತೆಗೆ ಹರಿದು ಸೊಳ್ಳೆಗೆ ತಾಣವಾಗುತ್ತಿದ್ದ ನೀರಿಗೆ ಗುಂಡಿ ಉತ್ತಮ ಪರಿಹಾರವೇ. ಆದರೆ ಜಲಜೀವನ ಮಿಷನ್ ಪ್ರಕಾರ ತಲೆಗೆ ದಿನಕ್ಕೆ 55 ಲೀಟರ್ ಬಂದರೆ ಐದು ಜನರ ಮನೆಗೆ 275 ಲೀಟರ್ ಆಗುತ್ತದೆ, ಅದರ ಬಹುಪಾಲು ಬಚ್ಚಲಿನಿಂದಲೇ ಹೊರಬೀಳುತ್ತದೆ, ಮತ್ತು ಮೇಲೆ ಹೇಳಿದ ಮಡಿಗೆ ಬೇಕಿರುವುದು 72 ಲೀಟರ್ ಮಾತ್ರ. ಬೇಸಿಗೆಯಲ್ಲಿ ಪಾತಿಗೆ ಹೋಗಬೇಕಾದ ನೀರನ್ನು ಸಿಮೆಂಟ್ ರಿಂಗಿನೊಳಗೆ ಹೂತು, ಅದೇ ಪಂಚಾಯಿತಿಯಿಂದ ಕೈತೋಟಕ್ಕೆ ಸಸಿ ಹಂಚುವುದು ಒಂದೇ ಕಡತದ ಎರಡು ಪುಟಗಳು ಒಂದನ್ನೊಂದು ಓದದಿರುವುದರ ಫಲ.

ಹಾಗಾದರೆ ಆಗಬೇಕಾದದ್ದೇನು? ಕಾಲುವೆಗೆ ಯಾವಾಗ, ಎಷ್ಟು ನೀರು ಎಂಬುದನ್ನು ತೀರ್ಮಾನಿಸುವ ನೀರಾವರಿ ಸಲಹಾ ಸಮಿತಿಯಲ್ಲಿ ಸಚಿವರು, ಶಾಸಕರು, ಅಧಿಕಾರಿಗಳು ಮತ್ತು ಜಮೀನುಳ್ಳ ರೈತರ ಮುಖಂಡರ ಮಾತೇ ನಡೆಯುತ್ತದೆ. ರಾಜ್ಯದ ಜಲನೀತಿ 2002ರಿಂದಲೂ ಕುಡಿಯುವ ನೀರಿಗೆ ಮೊದಲ ಸ್ಥಾನವನ್ನೂ ನೀರಾವರಿಗೆ ಅದರ ನಂತರದ ಸ್ಥಾನವನ್ನೂ ಕೊಟ್ಟಿದೆ. ಸಮಿತಿಯ ನಡಾವಳಿಯೂ ಅದೇ ಕ್ರಮದಲ್ಲಿ ಇರಬೇಕು. ಮೇ 31ರಂದು ಕೊನೆಯ ಮೈಲಿನ ಊರಿನ ಕೆರೆಯಲ್ಲಿ ಎಷ್ಟು ಅಡಿ ನೀರಿರಬೇಕು ಎಂಬುದು ನಡಾವಳಿಯ ಮೊದಲ ಸಾಲಾಗಲಿ. ಅದರಲ್ಲಿ ಮನೆಗೆ ಬೇಕಾದ ನೀರೂ ಹಿತ್ತಲಿಗೆ ಬೇಕಾದ ನೀರೂ ಸೇರಿರಲಿ. ಎಕರೆಯ ಚರ್ಚೆ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿಕೊಂಡು ಬರಲಿ. ಎರಡನೆಯ ಬೆಳೆಗೆ ನೀರು ತಪ್ಪಿದ ವರ್ಷ ಪರಿಹಾರವು ತಪ್ಪಿದ ಕೂಲಿಯ ದಿನಗಳನ್ನೂ ಎಣಿಸಲಿ. ಜೋಳ, ತೊಗರಿ, ಶೇಂಗಾ ಬೆಳೆದವರಿಗೆ ಖರೀದಿ ಕೇಂದ್ರದ ಖಾತ್ರಿ ಬಿತ್ತನೆಗೆ ಮೊದಲೇ ಸಿಗಲಿ. ಇಲ್ಲದಿದ್ದರೆ ಲೋಕಲೈಜೇಷನ್ ಪಾಲಿಸಿ ಎಂಬ ಉಪದೇಶಕ್ಕೆ ಅರ್ಥವಿಲ್ಲ.

ಇದು ಸಣ್ಣ ಬೇಡಿಕೆಯೆಂದು ತೋರಬಹುದು. ನವಲಿಯಲ್ಲಿ ಸಮತೋಲನ ಜಲಾಶಯ ಕಟ್ಟುವುದು, ಹೂಳು ತೆಗೆಯುವುದು, ಹೊಸ ಶಾಖಾ ಕಾಲುವೆ ತೋಡುವುದು ಇವೆಲ್ಲ ದಶಕಗಳ ಕೆಲಸ. ಅವುಗಳ ಹೆಸರಿನಲ್ಲಿ ಇನ್ನೂ ಹಲವು ಚುನಾವಣೆಗಳು ನಡೆಯಲಿವೆ. ಕೆರೆಯ ಮಟ್ಟವನ್ನು ನಡಾವಳಿಯ ಮೊದಲ ಸಾಲಿನಲ್ಲಿ ಬರೆಯಲು ಹೊಸ ಅಣೆಕಟ್ಟೆ ಬೇಡ, ಹೊಸ ಗೇಟೂ ಬೇಡ. ಬರೆದ ಮೇಲೆ ಅದು ಪಾಲನೆಯಾಯಿತೇ ಎಂದು ತಿಳಿಯಲು ಗೇಜ್ ಓದುವ ಎಂಜಿನಿಯರನ್ನು ಕೇಳಬೇಕಾಗಿಯೂ ಇಲ್ಲ. ಕಾರಹುಣ್ಣಿಮೆಯ ಹೊತ್ತಿಗೆ 104ನೆಯ ಮೈಲಿನಾಚೆಯ ಯಾವುದಾದರೂ ಹಿತ್ತಲಿಗೆ ಹೋಗಿ, ಹೊಟ್ಟನ್ನು ಬೆರಳಿನಿಂದ ಸರಿಸಿ, ಹೀರೆಬಳ್ಳಿಯ ಬುಡದ ಮಣ್ಣು ಹಸಿಯಿದೆಯೇ ಎಂದು ಮುಟ್ಟಿ ನೋಡಿದರೆ ಸಾಕು.