‘ಒಂದ್ಸಲ ಕ್ಲೋಸ್ ಮಾಡಿ ಓಪನ್ ಮಾಡಿ ಮೇಡಂ’

ನಮ್ಮ ಸಾಫ್ಟ್‌ವೇರ್ ಕಸುಬಿನ ಅತಿ ದೊಡ್ಡ ಸುಳ್ಳು ಯಾವುದು ಅಂತ ಕೇಳಿದರೆ ಎಲ್ಲರೂ ‘ನನ್ನ ಮಷೀನ್‌ನಲ್ಲಿ ಸರಿಯಾಗೇ ನಡೀತಿದೆ’ ಅನ್ನೋದನ್ನ ಹೇಳ್ತಾರೆ. ನಾನು ಒಪ್ಪಲ್ಲ. ಅದು ಸುಳ್ಳಲ್ಲ, ಪಾಪ, ನಿಜವೇ. ಅವನ ಮಷೀನ್‌ನಲ್ಲಿ ನಡೀತಾನೇ ಇರುತ್ತೆ. ದೊಡ್ಡ ಸುಳ್ಳು ಬೇರೆ ಇದೆ: ‘ಒಂದ್ಸಲ ಕ್ಲೋಸ್ ಮಾಡಿ ಓಪನ್ ಮಾಡಿ, ಸರಿ ಹೋಗುತ್ತೆ.’

ಈ ಮಾತನ್ನು ನಾನು ಮೂರು ವರ್ಷ ಹೇಳಿದ್ದೇನೆ. ಸಂಬಳ ತಗೊಂಡು ಹೇಳಿದ್ದೇನೆ. ಆದ್ದರಿಂದ ಇವತ್ತಿನ ಬೈಗುಳ ಮೊದಲು ನನಗೆ, ಆಮೇಲೆ ನಿಮಗೆ.

ನಾನಾಗ ಮಾಡುತ್ತಿದ್ದದ್ದು ವಿಂಡೋಸ್‌ನಲ್ಲಿ ಓಡುವ, ಸಿ++ನಲ್ಲಿ ಬರೆದ ಡೆಸ್ಕ್‌ಟಾಪ್ ಅಪ್ಲಿಕೇಶನ್. ಸಣ್ಣ ಊರಿನ ಸೊಸೈಟಿಗಳಲ್ಲಿ ರಸೀದಿ ಹಾಕೋದಕ್ಕೆ, ಲೆಕ್ಕ ಇಡೋದಕ್ಕೆ ಬಳಸೋದು. ಕಂಪನಿಯ ಹೆಸರು ಇಲ್ಲಿ ಬೇಡ. ‘ಇನ್ನೂ ಡೆಸ್ಕ್‌ಟಾಪ್ ಅಪ್ಲಿಕೇಶನ್ ಯಾರ್ ಬರೀತಾರೆ ಗುರೂ, ಎಲ್ಲಾ ಕ್ಲೌಡ್ ಆಯ್ತಲ್ಲ’ ಅಂತ ದರ್ಶಿನಿಯಲ್ಲಿ ಕಾಫಿ ಕುಡೀತಾ ಗೆಳೆಯರು ನಗೋರು. ಸ್ವಾಮಿ, ನೀವು ಆ ಕ್ಲೌಡನ್ನು ನೋಡುವ ಬ್ರೌಸರ್ ಇದೆಯಲ್ಲ, ಅದೂ ಸಿ++ನಲ್ಲಿ ಬರೆದ ಡೆಸ್ಕ್‌ಟಾಪ್ ಅಪ್ಲಿಕೇಶನ್ನೇ. ಇಂಟರ್‌ನೆಟ್ ಬಂದರೆ ಬಂತು, ಹೋದರೆ ಹೋಯ್ತು ಅನ್ನೋ ಊರುಗಳಲ್ಲಿ ಕೆಲಸ ನಿಲ್ಲದಂತೆ ನೋಡಿಕೊಳ್ಳೋದು ಇಂಥ ಪ್ರೋಗ್ರಾಮುಗಳೇ.

ಅಂಥದೊಂದು ಸೊಸೈಟಿಯಿಂದ ಫೋನು ಬರ್ತಿತ್ತು. ಮಾತಾಡ್ತಾ ಇದ್ದವರು ಅಲ್ಲಿನ ಕಂಪ್ಯೂಟರ್ ಆಪರೇಟರ್, ನನಗಿಂತ ಹತ್ತು ವರ್ಷ ದೊಡ್ಡವರಿರಬೇಕು. ‘ಸಾರ್, ರಸೀದಿ ಸೇವ್ ಕೊಟ್ರೆ ಸ್ಕ್ರೀನ್ ಬೆಳ್ಳಗಾಗುತ್ತೆ. ಮೇಲೆ ನಾಟ್ ರೆಸ್ಪಾಂಡಿಂಗ್ ಅಂತ ಬರುತ್ತೆ. ಬೆಳಿಗ್ಗೆ ಸರಿ ಇರುತ್ತೆ, ಮಧ್ಯಾಹ್ನ ಹಿಂಗಾಗುತ್ತೆ.’

ನಮ್ಮ ಉತ್ತರ ಸಿದ್ಧವಾಗಿತ್ತು. ಕ್ಲೋಸ್ ಮಾಡಿ, ಓಪನ್ ಮಾಡಿ, ಮತ್ತೆ ಎಂಟ್ರಿ ಹಾಕಿ. ಅವರು ಹಾಗೇ ಮಾಡಿದರು. ತಿಂಗಳುಗಟ್ಟಲೆ ಮಾಡಿದರು.

ಒಂದು ದಿನ ಫೋನು ಮಾಡಿ ಅವರು ಸ್ಕ್ರೀನಿನ ಬಗ್ಗೆ ಮಾತಾಡಲಿಲ್ಲ. ‘ಸಾರ್, ಲೆಕ್ಕದಲ್ಲಿ ದುಡ್ಡು ಜಾಸ್ತಿ ತೋರಿಸ್ತಿದೆ, ಪೆಟ್ಟಿಗೇಲಿ ಅಷ್ಟಿಲ್ಲ. ಈ ತಿಂಗಳು 1,840 ರೂಪಾಯಿ ಕೈಯಿಂದ ಕಟ್ಟಿದೀನಿ’ ಅಂದರು. ನಾನೇನು ಹೇಳಿದೆ ಗೊತ್ತಾ? ‘ಎಂಟ್ರಿ ಹಾಕುವಾಗ ಸ್ವಲ್ಪ ನೋಡ್ಕೊಂಡು ಹಾಕಿ ಮೇಡಂ.’

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕುಣಿಯೋಕೆ ಬಾರದವರು ನಾವು. ಡೊಂಕು ಅಂತ ಬೈಸಿಕೊಂಡವರು ಅವರು.

ಆ ರಾತ್ರಿ ನನಗೆ ನೆನಪಾದದ್ದು ನಮ್ಮೂರ ಮೋಟಾರ್ ಕಟ್ಟೋ ಮೆಕ್ಯಾನಿಕ್ಕು. ನಮ್ಮಪ್ಪನ ಪಂಪ್‌ಸೆಟ್ ಕೆಟ್ಟರೆ ಅವನು ಬಂದು ಮೊದಲು ಸುಮ್ಮನೆ ನಿಂತು ಸದ್ದು ಕೇಳೋನು. ಮೋಟಾರ್ ಗುಂಯ್ ಅಂತಿದೆ, ತಿರುಗ್ತಿಲ್ಲ ಅಂದರೆ ಒಂದು ಫೇಸು ಹೋಗಿದೆ ಅಂತ ಅರ್ಥ. ಆಗ ಏನೂ ತಿಳಿಯದೆ ಸ್ಟಾರ್ಟರ್ ಗುಂಡಿ ಒತ್ತುತ್ತಾ ಹೋದರೆ ಕಾಯಿಲ್ ಸುಟ್ಟುಹೋಗುತ್ತೆ. ‘ಸುಮ್‌ಸುಮ್ನೆ ಆನ್ ಮಾಡ್ಬ್ಯಾಡ ಗೌಡ, ಮೊದಲು ಏನಾಗೈತೆ ನೋಡನ’ ಅನ್ನೋನು. ಏಳನೇ ಕ್ಲಾಸು ದಾಟದ ಮನುಷ್ಯ. ಬಿಇ ಮಾಡಿದ ನಾನು ಇನ್ನೊಬ್ಬರ ಕೈಯಲ್ಲಿ ಆ ಗುಂಡಿಯನ್ನು ಒತ್ತಿಸುತ್ತಾ ಕೂತಿದ್ದೆ.

ಕೊನೆಗೂ ನಾವು ಮಾಡಬೇಕಾದದ್ದನ್ನು ಮಾಡಿದೆವು. ಸ್ಕ್ರೀನ್ ಬೆಳ್ಳಗಾದಾಗ ಕ್ಲೋಸ್ ಮಾಡಬೇಡಿ, ಟಾಸ್ಕ್ ಮ್ಯಾನೇಜರ್ ತೆಗೆದು ನಮ್ಮ ಪ್ರೋಗ್ರಾಮಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಕ್ರಿಯೇಟ್ ಡಂಪ್ ಫೈಲ್’ ಕೊಡಿ ಅಂದೆ. ಎರಡು ನಿಮಿಷದ ಕೆಲಸ. ಆ ಫೈಲು ಬಂದ ಮೇಲೆ ಡೀಬಗರ್‌ನಲ್ಲಿ ತೆರೆದು ಮುಖ್ಯ ಥ್ರೆಡ್ಡಿನ ಸ್ಟ್ಯಾಕ್ ನೋಡಿದರೆ ಅದು ಪ್ರಿಂಟ್ ಸ್ಪೂಲರ್‌ನ ಉತ್ತರಕ್ಕೆ ಕಾಯುತ್ತಾ ನಿಂತಿತ್ತು.

ಕಥೆ ಇಷ್ಟೇ. ಪ್ರಿಂಟರ್ ಇದ್ದದ್ದು ಸೆಕ್ರೆಟರಿ ರೂಮಿನ ಕಂಪ್ಯೂಟರಿಗೆ. ಇವರದ್ದಕ್ಕೆ ನೆಟ್‌ವರ್ಕ್‌ನಲ್ಲಿ ಶೇರ್ ಮಾಡಿದ್ದರು. ಸೆಕ್ರೆಟರಿ ಊಟಕ್ಕೋ ಬ್ಯಾಂಕಿಗೋ ಹೋಗುವಾಗ ಕರೆಂಟ್ ಉಳಿಸೋಣ ಅಂತ ತಮ್ಮ ಕಂಪ್ಯೂಟರ್ ಆಫ್ ಮಾಡಿ ಹೋಗೋರು. ಒಳ್ಳೇ ಮನುಷ್ಯರು. ಮಧ್ಯಾಹ್ನದ ಗುಟ್ಟು ಅದು.

ನಮ್ಮ ಕೋಡು ಮೊದಲು ರಸೀದಿಯನ್ನು ಡೇಟಾಬೇಸಿಗೆ ಬರೀತಿತ್ತು. ಆಮೇಲೆ ಅದೇ ಥ್ರೆಡ್‌ನಲ್ಲಿ, ಅಂದರೆ ಕಿಟಕಿಯನ್ನು ಚಿತ್ರಿಸುವ, ಮೌಸ್ ಕ್ಲಿಕ್ ಕೇಳಿಸಿಕೊಳ್ಳುವ ಥ್ರೆಡ್‌ನಲ್ಲೇ, ಪ್ರಿಂಟಿಗೆ ಕಳಿಸ್ತಿತ್ತು. ಇಲ್ಲದ ಪ್ರಿಂಟರಿಗಾಗಿ ಅದು ಕಾಯುತ್ತಾ ನಿಂತರೆ ಕಿಟಕಿಗೆ ಬರುವ ಸಂದೇಶಗಳನ್ನು ಕೇಳೋರು ಯಾರೂ ಇಲ್ಲ. ಒಂದು ಕಿಟಕಿ 5 ಸೆಕೆಂಡ್ ಸಂದೇಶ ಎತ್ತಿಕೊಳ್ಳದಿದ್ದರೆ ವಿಂಡೋಸ್ ಅದರ ಜಾಗದಲ್ಲಿ ಒಂದು ಮಸುಕಾದ ನಕಲಿ ಕಿಟಕಿ ನಿಲ್ಲಿಸಿ ‘ನಾಟ್ ರೆಸ್ಪಾಂಡಿಂಗ್’ ಅಂತ ಬರೆಯುತ್ತೆ. ಪ್ರೋಗ್ರಾಮ್ ಸತ್ತಿಲ್ಲ, ಕಾಯ್ತಾ ಇದೆ. ರಸೀದಿಯಂತೂ ಆಗಲೇ ಸೇವ್ ಆಗಿದೆ! ಈಗ ಅವರು ನಮ್ಮ ಮಾತು ಕೇಳಿ ಕ್ಲೋಸ್ ಮಾಡಿ, ತೆಗೆದು, ಅದೇ ರಸೀದಿಯನ್ನು ಇನ್ನೊಂದು ಸಲ ಹಾಕ್ತಾರೆ. ಲೆಕ್ಕದಲ್ಲಿ ಎರಡು ಸಲ, ಪೆಟ್ಟಿಗೆಯಲ್ಲಿ ಒಂದೇ ಸಲ.

ಅಂದರೆ ಬಗ್ ಅವರ ದುಡ್ಡು ತಿನ್ನಲಿಲ್ಲ. ನಮ್ಮ ಪರಿಹಾರ ತಿಂದಿತು.

ರಿಪೇರಿ ದೊಡ್ಡದೇನಲ್ಲ. ಪ್ರಿಂಟ್ ಕೆಲಸವನ್ನು ಬೇರೆ ಥ್ರೆಡ್ಡಿಗೆ ಕೊಟ್ಟೆವು. ಫಾರ್ಮ್ ತೆರೆದಾಗಲೇ ರಸೀದಿಗೊಂದು ಗುರುತಿನ ಸಂಖ್ಯೆ ಕೊಟ್ಟು, ಅರ್ಧಕ್ಕೆ ನಿಂತ ಫಾರ್ಮನ್ನು ಅದೇ ಸಂಖ್ಯೆಯೊಂದಿಗೆ ಡಿಸ್ಕಿನಲ್ಲಿ ಉಳಿಸಿದೆವು. ಅದೇ ಸಂಖ್ಯೆ ಮತ್ತೆ ಬಂದರೆ ಡೇಟಾಬೇಸ್ ಬೇಡ ಅನ್ನುತ್ತೆ. ಮತ್ತೆ ತೆರೆದಾಗ ‘ಕೊನೆಯ ರಸೀದಿ ಸೇವ್ ಆಗಿದೆ, ಪ್ರಿಂಟ್ ಬಾಕಿ ಇದೆ’ ಅಂತ ತೋರಿಸುತ್ತೆ. ಕೆಲವೇ ದಿನದ ಕೆಲಸ. ನಾವು ಅದನ್ನು ತಿಂಗಳುಗಟ್ಟಲೆ ಮಾಡದೇ ಇದ್ದದ್ದು ಕಷ್ಟ ಅಂತಲ್ಲ, ಯಾರೂ ನೋಡಲಿಲ್ಲ ಅಂತ.

ಇದು ಒಂದೇ ಒಂದು ಕಥೆ ಆಗಿದ್ದರೆ ಬಾಯಿ ಮುಚ್ಕೊಂಡು ಇರ್ತಿದ್ದೆ. ಡೆಸ್ಕ್‌ಟಾಪ್ ಪ್ರೋಗ್ರಾಮುಗಳ ನಿತ್ಯದ ರೋಗಗಳನ್ನು ಒಂದೊಂದಾಗಿ ತಗೊಳ್ಳಿ. ಪ್ರತಿಯೊಂದಕ್ಕೂ ನಿಜವಾದ ಕಾರಣ ಇದೆ, ನಮ್ಮ ಹತ್ತಿರ ಒಂದೊಂದು ಸೋಮಾರಿ ಮಂತ್ರವೂ ಇದೆ.

‘ಸಂಜೆ ಆಗ್ತಾ ಆಗ್ತಾ ಬಟನ್‌ಗಳು ಮಾಯ ಆಗ್ತವೆ, ಅಕ್ಷರ ದಪ್ಪ ಆಗ್ತವೆ, ಸ್ಕ್ರೀನ್ ಅರ್ಧ ಕಪ್ಪಾಗುತ್ತೆ.’ ಮಂತ್ರ: ಕಂಪ್ಯೂಟರ್ ಹಳೇದು, ರ‍್ಯಾಮ್ ಹಾಕ್ಸಿ. ಅಯ್ಯಾ, ವಿಂಡೋಸ್ ಒಂದು ಪ್ರೋಗ್ರಾಮಿಗೆ ಮಾಮೂಲಿಯಾಗಿ 10,000 ಜಿಡಿಐ ಆಬ್ಜೆಕ್ಟ್ ಮಾತ್ರ ಕೊಡುತ್ತೆ. ಪೆನ್ನು, ಬ್ರಷ್ಷು, ಫಾಂಟು, ಬಿಟ್‌ಮ್ಯಾಪು ಎಲ್ಲಾ ಸೇರಿ. ನಿಮ್ಮ ಕೋಡು ಪ್ರತಿ ಸಲ ಪರದೆ ಬರೆಯುವಾಗ ಹೊಸ ಫಾಂಟ್ ಸೃಷ್ಟಿಸಿ ಅಳಿಸದೆ ಬಿಟ್ಟರೆ ಸಂಜೆಗೆ ಲೆಕ್ಕ ತುಂಬುತ್ತೆ. ಆಮೇಲೆ 32 ಜಿಬಿ ರ‍್ಯಾಮ್ ಹಾಕಿಸಿದರೂ ಅಷ್ಟೇ. ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಜಿಡಿಐ ಆಬ್ಜೆಕ್ಟ್ಸ್’ ಅನ್ನೋ ಕಾಲಂ ಇದೆ, ಆನ್ ಮಾಡಿ ಅರ್ಧ ಗಂಟೆ ನೋಡಿ. ಸಂಖ್ಯೆ ಏರುತ್ತಲೇ ಇದ್ದರೆ ಕಳ್ಳ ಸಿಕ್ಕ. ಅದು ಬಿಟ್ಟು ಬಡ ಸೊಸೈಟಿ ಕೈಯಲ್ಲಿ ರ‍್ಯಾಮ್ ಕೊಳ್ಳಿಸ್ತೀರಲ್ಲ!

‘ಇನ್‌ಸ್ಟಾಲ್ ಆಯ್ತು, ತೆಗೆದ್ರೆ ವಿಸಿರನ್‌ಟೈಮ್ 140 ಡಿಎಲ್ಎಲ್ ಇಲ್ಲ ಅಂತ ಬರುತ್ತೆ.’ ಮಂತ್ರ: ನೆಟ್‌ನಲ್ಲಿ ಸಿಗುತ್ತೆ, ಡೌನ್‌ಲೋಡ್ ಮಾಡಿ ಹಾಕ್ಕೊಳ್ಳಿ. ಎಲ್ಲಿಂದಲೋ ಬಂದ ಡಿಎಲ್ಎಲ್ ಅನ್ನು ದುಡ್ಡಿನ ಲೆಕ್ಕ ಇಡೋ ಕಂಪ್ಯೂಟರಿಗೆ ಹಾಕಿಸೋದು ದಾರೀಲಿ ಬಿದ್ದ ಮಾತ್ರೆ ನುಂಗಿಸಿದ ಹಾಗೆ. ನಿಮ್ಮ ಮಷೀನ್‌ನಲ್ಲಿ ವಿಷುಯಲ್ ಸ್ಟುಡಿಯೋ ಇದೆ, ಅದರ ಜೊತೆ ಆ ಫೈಲು ಬಂದಿದೆ. ಅವರ ಹತ್ತಿರ ಇಲ್ಲ. ಮೈಕ್ರೋಸಾಫ್ಟ್‌ನ ರೀಡಿಸ್ಟ್ರಿಬ್ಯೂಟಬಲ್ ಅನ್ನು ನಿಮ್ಮ ಇನ್‌ಸ್ಟಾಲರ್ ಜೊತೆ ಕೊಡೋದು ನಿಮ್ಮ ಕೆಲಸ. ಏನೂ ಇಲ್ಲದ ಖಾಲಿ ವಿಂಡೋಸ್‌ನಲ್ಲಿ ಒಂದೇ ಒಂದು ಸಲ ಹಾಕಿ ನೋಡಿದ್ದರೆ ಗೊತ್ತಾಗ್ತಿತ್ತು.

ಇನ್ನೊಂದಿದೆ, ಅದಕ್ಕೆ ಮಾತ್ರ ನನಗೆ ಇವತ್ತಿಗೂ ಮೈ ಉರಿಯುತ್ತೆ. ‘ಫೈಲ್ ಓಪನ್ ಆಗ್ತಿಲ್ಲ.’ ನೋಡಿದರೆ ಫೋಲ್ಡರಿನ ಹೆಸರು ಕನ್ನಡದಲ್ಲಿದೆ. ಮಂತ್ರ: ಹೆಸರು ಇಂಗ್ಲಿಷಲ್ಲಿ ಇಡಿ.

ಯಾಕೆ ಇಡಬೇಕು? ವಿಂಡೋಸ್‌ನಲ್ಲಿ ಫೈಲು ತೆರೆಯುವಂಥ ಫಂಕ್ಷನ್ನುಗಳಿಗೆ ಎರಡೆರಡು ರೂಪ: ಕೊನೆಗೆ ‘ಎ’ ಇರೋದು, ‘ಡಬ್ಲ್ಯೂ’ ಇರೋದು. ‘ಎ’ ರೂಪ ಹಳೇ ಕೋಡ್ ಪೇಜ್ ಲೆಕ್ಕದಲ್ಲಿ ನಡೆಯುತ್ತೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಅಂಥ ಹಳೇ ಕೋಡ್ ಪೇಜೇ ಇಲ್ಲ. ವಿಂಡೋಸ್ ಎಕ್ಸ್‌ಪಿ ಕಾಲಕ್ಕೆ ತುಂಗಾ ಫಾಂಟಿನ ಜೊತೆ ಕನ್ನಡ ಬಂದದ್ದೇ ಯೂನಿಕೋಡ್ ಆಗಿ. ಹಾಗಾಗಿ ‘ಎ’ ದಾರಿಯಲ್ಲಿ ಹೋದ ಕನ್ನಡದ ಒಂದೊಂದು ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆ ಆಗುತ್ತೆ. ಪ್ರಶ್ನಾರ್ಥಕ ಚಿಹ್ನೆಯನ್ನು ವಿಂಡೋಸ್ ಫೈಲಿನ ಹೆಸರಲ್ಲಿ ಒಪ್ಪೋದೇ ಇಲ್ಲ. ಅಲ್ಲಿಗೆ ಮುಗೀತು. ‘ಡಬ್ಲ್ಯೂ’ ರೂಪ ಬಳಸಿ ಅಂತ ದಶಕಗಳಿಂದ ಹೇಳ್ತಾನೇ ಇದ್ದಾರೆ. ಅದೂ ಬೇಡವಾ, ವಿಂಡೋಸ್ 10ರ 1903ನೇ ಆವೃತ್ತಿಯಿಂದ ಪ್ರೋಗ್ರಾಮಿನ ಮ್ಯಾನಿಫೆಸ್ಟ್‌ನಲ್ಲಿ ಒಂದು ಸಾಲು ಸೇರಿಸಿ ‘ಎ’ ರೂಪಕ್ಕೇ ಯುಟಿಎಫ್-8 ಕೊಡಬಹುದು. ಆಮೇಲೆ ಹಳೇ ಕೋಡೆಲ್ಲ ಪರೀಕ್ಷೆ ಮಾಡಬೇಕು, ಅದು ಬೇರೆ ಮಾತು. ಆದರೆ ದಾರಿ ಇದೆ. ರಾಜ್ಯೋತ್ಸವಕ್ಕೆ ಆಫೀಸಲ್ಲಿ ಹಳದಿ ಕೆಂಪು ಶಾಲು ಹಾಕಿ ಸೆಲ್ಫಿ ತಗೊಂಡವರು, ಮಾರನೇ ದಿನ ರೈತನೊಬ್ಬನ ಹೆಸರನ್ನು ಪ್ರಶ್ನಾರ್ಥಕ ಚಿಹ್ನೆ ಮಾಡೋ ಕೋಡನ್ನು ಮರ್ಜ್ ಮಾಡ್ತೀವಿ. ನವೆಂಬರ್ ಕನ್ನಡಿಗರು ಅಂತ ಬೇರೆಯವರನ್ನು ಆಡಿಕೊಳ್ಳೋ ಮೊದಲು ನಿಮ್ಮ ಪ್ರಾಜೆಕ್ಟಿನಲ್ಲಿ ಒಂದು ಕನ್ನಡ ಹೆಸರಿನ ಫೋಲ್ಡರ್ ಮಾಡಿ ಟೆಸ್ಟ್ ಓಡಿಸಿ ನೋಡಿ.

ಇಷ್ಟು ಹೇಳಿದ ಮೇಲೆ ಕೇಳೋ ಪ್ರಶ್ನೆಗಳು ನನಗೆ ಗೊತ್ತು. ‘ಡೆಡ್‌ಲೈನ್ ಇರುತ್ತೆ, ಇದನ್ನೆಲ್ಲ ನೋಡೋಕೆ ಟೈಮ್ ಎಲ್ಲಿ?’ ಅರ್ಧ ಒಪ್ತೀನಿ. ಗ್ರಾಹಕರು ಸಾಲಾಗಿ ನಿಂತಿರುವಾಗ ಮೊದಲು ಕೌಂಟರ್ ನಡೀಬೇಕು, ರೀಸ್ಟಾರ್ಟ್ ಮಾಡಿಸಲೇಬೇಕು. ಆದರೆ ಅದಕ್ಕೆ ಮುಂಚೆ ಒಂದು ಡಂಪ್ ತಗೊಳ್ಳೋಕೆ ಎರಡು ನಿಮಿಷ ಸಾಕು. ರೀಸ್ಟಾರ್ಟ್ ಮಾಡಿದರೆ ಸಾಕ್ಷಿ ಅಳಿಸಿಹೋಗುತ್ತೆ. ಪ್ರಥಮ ಚಿಕಿತ್ಸೆ ತಪ್ಪಲ್ಲ, ಅದನ್ನೇ ಆಪರೇಷನ್ ಅಂತ ಬಿಲ್ ಮಾಡೋದು ತಪ್ಪು.

‘ಡಂಪ್ ತಗೊಂಡ್ರೂ ಓದೋಕೆ ಆಗಲ್ಲ, ಬರೀ ಸಂಖ್ಯೆ ಕಾಣುತ್ತೆ.’ ಕಾಣದೆ ಏನು? ಗ್ರಾಹಕರಿಗೆ ಕೊಟ್ಟ ಆ ಬಿಲ್ಡ್‌ನ ಪಿಡಿಬಿ ಫೈಲುಗಳನ್ನು ಎಸೆದಿದ್ದೀರಿ. ಅದೇ ಕೋಡನ್ನು ಇವತ್ತು ಮತ್ತೆ ಬಿಲ್ಡ್ ಮಾಡಿದರೆ ಸಾಮಾನ್ಯವಾಗಿ ಬರೋದು ಬೇರೆ ಗುರುತಿನ ಪಿಡಿಬಿ, ಹಳೇ ಡಂಪಿಗೆ ಹೊಂದಲ್ಲ. ನಮ್ಮಲ್ಲಿ ಒಬ್ಬ ಸೀನಿಯರ್ ಪ್ರತಿ ರಿಲೀಸ್‌ನದ್ದನ್ನೂ ಎತ್ತಿಡ್ತಿದ್ದರು, ಜಾಗ ದಂಡ ಅಂತ ನಾವು ನಗ್ತಿದ್ದೆವು. ಅವತ್ತು ಉಳಿಸಿದ್ದು ಅದೇ.

‘ಈಗ ಎಐ ಇದೆಯಲ್ಲ, ಅದಕ್ಕೆ ಕೇಳಿದ್ರಾಯ್ತು.’ ಕೇಳಿ, ನಾನೂ ಕೇಳ್ತೀನಿ. ಆದರೆ ಏನಂತ ಕೇಳ್ತೀರಿ? ‘ಸ್ಕ್ರೀನ್ ಬೆಳ್ಳಗಾಗುತ್ತೆ’ ಅಂತ ಬರೆದರೆ ಅದೂ ಹತ್ತು ಊಹೆ ಕೊಡುತ್ತೆ. ಸೆಕ್ರೆಟರಿ ಮಧ್ಯಾಹ್ನ ಕಂಪ್ಯೂಟರ್ ಆಫ್ ಮಾಡ್ತಾರೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಗೊತ್ತಿದ್ದದ್ದು ಆಪರೇಟರಿಗೆ. ಅವರು ಮೊದಲ ದಿನವೇ ‘ಮಧ್ಯಾಹ್ನ’ ಅಂದಿದ್ದರು. ಇಡೀ ಬಗ್ ಆ ಒಂದು ಪದದಲ್ಲಿತ್ತು. ನಾವು ಕೇಳಿಸಿಕೊಳ್ಳಲಿಲ್ಲ, ಯಾಕಂದ್ರೆ ಅವರಿಗೆ ಇಂಗ್ಲಿಷ್ ಬರ್ತಿರಲಿಲ್ಲ, ಅವರ ಊರು ಮ್ಯಾಪಲ್ಲಿ ಹುಡುಕಬೇಕಿತ್ತು. ಹಳ್ಳಿಯಿಂದ ಬಂದ ನಾನೂ ಕೇಳಿಸಿಕೊಳ್ಳಲಿಲ್ಲ, ಅದು ಇನ್ನೂ ನಾಚಿಕೆ.

ಹೊಸ ಆವೃತ್ತಿ ಕೊಟ್ಟಾಗ ರಿಲೀಸ್ ನೋಟ್ಸ್‌ನಲ್ಲಿ ‘ಸಣ್ಣಪುಟ್ಟ ಸುಧಾರಣೆಗಳು’ ಅಂತ ಬರೆದೆವು. ನಾನು ಅವರಿಗೆ ಫೋನು ಮಾಡಿ, ತಪ್ಪು ನಮ್ಮದೇ ಇತ್ತು, ನೀವು ಕಟ್ಟಿದ ದುಡ್ಡು ನಾನು ಕಳಿಸ್ತೀನಿ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ದುಡ್ಡು ಬೇಡ ಸಾರ್. ನಾನು ತಿಂದಿಲ್ಲ ಅಂತ ಕಮಿಟಿಯವರಿಗೆ ಒಂದು ಪತ್ರ ಬರೆದುಕೊಡಿ, ಸಾಕು.’

ಪತ್ರ ಬರೆದೆ. ಮೇಲಿನವರು ಲಿಖಿತವಾಗಿ ಏನೂ ಒಪ್ಕೋಬೇಡ ಅಂದರು. ಕಂಪನಿಯ ಲೆಟರ್‌ಹೆಡ್ ಸಿಗಲಿಲ್ಲ. ಕೊನೆಗೆ ಒಂದು ಶನಿವಾರ ಬಸ್ ಹತ್ತಿ ಹೋಗಿ ಸೆಕ್ರೆಟರಿಯ ಮುಂದೆ, ಅವರ ಕಂಪ್ಯೂಟರ್ ಆಫ್ ಮಾಡಿಸಿ, ಹಳೇ ಆವೃತ್ತಿಯಲ್ಲಿ ಒಂದು ರಸೀದಿ ಹಾಕಿ ತೋರಿಸಿದೆ. ಸ್ಕ್ರೀನ್ ಬೆಳ್ಳಗಾಯ್ತು. ಕ್ಲೋಸ್ ಮಾಡಿ ಓಪನ್ ಮಾಡಿದೆ. ಮತ್ತೆ ಹಾಕಿದೆ. ಲೆಕ್ಕದಲ್ಲಿ ಎರಡು ರಸೀದಿ.

ಸೆಕ್ರೆಟರಿ ಕನ್ನಡಕ ತೆಗೆದು ಆಪರೇಟರ್ ಕಡೆ ನೋಡಿದರು. ‘ಅಲ್ಲಮ್ಮ, ನೀನು ಹೇಳ್ತಾನೇ ಇದ್ದೆ’ ಅಂದರು.

ಹೌದು ಸಾರ್, ಹೇಳ್ತಾನೇ ಇದ್ದರು.