ಆಸ್ಟ್ರೇಲಿಯದ ಸುಖ ಮತ್ತು ಅದರ ಮೂಲ

ನಮ್ಮ ಕಾಫಿ ತೋಟಗಳಿಗೆ ನೆರಳು ಕೊಡುವ ಸಿಲ್ವರ್ ಓಕ್ ಮರವೂ ಕೋಲಾರದ ಬಯಲಿನಲ್ಲಿ ಬೆಳೆದು ನಿಂತಿರುವ ನೀಲಗಿರಿ ಮರವೂ ಆಸ್ಟ್ರೇಲಿಯ ಖಂಡದಿಂದ ನಮಗೆ ಬಂದವುಗಳೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಮರಗಳು ಅತ್ತಣಿಂದ ಇತ್ತ ಬಂದುದು ಹಳೆಯ ಸಂಗತಿ. ಈಗ ನಮ್ಮ ಮಕ್ಕಳು ಇತ್ತಣಿಂದ ಅತ್ತ ಹೋಗುತ್ತಿರುವರು. 2021ನೆಯ ಇಸವಿಯ ಜನಗಣತಿಯಂತೆ, ಭಾರತದಲ್ಲಿ ಹುಟ್ಟಿ ಆಸ್ಟ್ರೇಲಿಯದಲ್ಲಿ ವಾಸವಾಗಿದ್ದವರ ಸಂಖ್ಯೆಯು 6,73,000ಕ್ಕೂ ಮೇಲಿತ್ತು. ಹೊರದೇಶಗಳಲ್ಲಿ ಹುಟ್ಟಿ ಅಲ್ಲಿ ನೆಲೆಸಿದವರ ಪೈಕಿ ಇಂಗ್ಲೆಂಡಿನವರನ್ನು ಬಿಟ್ಟರೆ ಆ ಗಣತಿಯಲ್ಲಿ ನಮ್ಮ ದೇಶದವರೇ ಅಧಿಕರಾಗಿದ್ದರು. ಇವರಲ್ಲಿ ಕನ್ನಡಿಗರೂ ಸೇರಿರುವರು. ಸಿಡ್ನಿ, ಮೆಲ್ಬೋರ್ನ್ ನಗರಗಳಲ್ಲಿ ಕನ್ನಡ ಸಂಘಗಳು ನಡೆಯುತ್ತಿವೆ.

ಹೀಗೆ ಹೋದವರು ರಜೆಯಲ್ಲಿ ಊರಿಗೆ ಬಂದಾಗ ಆ ದೇಶವನ್ನು ಕುರಿತು ಹೊಗಳಿ ಮಾತನಾಡುವುದು ಸ್ವಾಭಾವಿಕವೇ ಆಗಿದೆ. ಬೀದಿಗಳು ಚೊಕ್ಕಟ, ಗಾಳಿ ನಿರ್ಮಲ, ಸಂಬಳ ಧಾರಾಳ, ಕಡಲ ತೀರ ರಮಣೀಯ, ಸಂಜೆಯಾದೊಡನೆ ಮನುಷ್ಯನು ತನ್ನ ಹೆಂಡಿರು ಮಕ್ಕಳಿಗೆ ಸೇರಿದವನು: ಇವು ಅವರ ಮಾತಿನ ಸಾರಾಂಶ. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಈ ಸುಖವು ಹೇಗೆ ಒದಗಿತೆಂಬ ಪ್ರಶ್ನೆಯನ್ನು ಕೇಳುವವರೂ ವಿರಳ, ಹೇಳುವವರೂ ವಿರಳ. ನೆಲ ವಿಶಾಲವಾಗಿದೆ, ಜನ ಕಡಮೆ, ಗಣಿಗಳು ಬೇಕಾದಷ್ಟಿವೆ, ಆದುದರಿಂದ ಸುಖವಾಗಿದ್ದಾರೆ ಎಂದು ಬಹುಮಂದಿ ಮಾತನ್ನು ಮುಗಿಸಿಬಿಡುವರು. ಈ ಸಮಾಧಾನವು ನಮಗೆ ಸಾಲದೆಂದು ತೋರುತ್ತದೆ.

ಆ ಖಂಡದ ವಿಸ್ತಾರವು ಸುಮಾರು 77 ಲಕ್ಷ ಚದರ ಕಿಲೋಮೀಟರುಗಳೆಂಬುದು ನಿಜ. ಕಬ್ಬಿಣದ ಅದಿರು, ಕಲ್ಲಿದ್ದಲು, ಚಿನ್ನ, ಉಣ್ಣೆಗಳು ಅದಕ್ಕೆ ಐಶ್ವರ್ಯವನ್ನು ತಂದುಕೊಟ್ಟಿರುವುದೂ ನಿಜ. ಆದರೆ ಅದರ ಒಳನಾಡಿನ ಬಹುಭಾಗವು ಮಳೆಯಿಲ್ಲದ ಮರುಭೂಮಿ; ಜನರು ಕರಾವಳಿಯ ಅಂಚಿನಲ್ಲಿ ಗುಂಪುಗೂಡಿ ಬಾಳುತ್ತಿರುವರು. 2019–20ರ ಬೇಸಗೆಯ ಕಾಳ್ಗಿಚ್ಚು ಆ ದೇಶವನ್ನು ಸುಟ್ಟ ಬಗೆಯನ್ನು ಜಗತ್ತೆಲ್ಲವೂ ಕಂಡಿದೆ. ಗಣಿಯುಳ್ಳ ದೇಶಗಳು ಭೂಮಂಡಲದಲ್ಲಿ ಇನ್ನೂ ಅನೇಕವಿರುವುವು. ಅವುಗಳೆಲ್ಲದರಲ್ಲಿಯೂ ಕೂಲಿಯವನು ನಿಶ್ಚಿಂತನಾಗಿ ಉಣ್ಣುವನೆಂದು ಯಾರು ಹೇಳಬಲ್ಲರು? ಪ್ರಕೃತಿಯು ಕೊಟ್ಟುದನ್ನು ಹಂಚಿಕೊಳ್ಳುವ ಕ್ರಮವನ್ನು ಆ ಜನರು ತಾವೇ ಹೋರಾಡಿ ಏರ್ಪಡಿಸಿಕೊಂಡರು. ಅವರ ಸುಖದ ಮೂಲವನ್ನು ಅಲ್ಲಿ ಹುಡುಕಬೇಕು.

ಮೊದಲನೆಯದಾಗಿ ವಿರಾಮವನ್ನು ತೆಗೆದುಕೊಳ್ಳೋಣ. 1856ನೆಯ ಇಸವಿ ಏಪ್ರಿಲ್ 21ರಂದು ಮೆಲ್ಬೋರ್ನಿನ ವಿಶ್ವವಿದ್ಯಾನಿಲಯದ ಕಟ್ಟಡದಲ್ಲಿ ಕೆಲಸ ಮಾಡುತ್ತಿದ್ದ ಕಲ್ಲುಕುಟಿಗರು ಉಳಿ ಸುತ್ತಿಗೆಗಳನ್ನು ಕೆಳಗಿಟ್ಟು ಮೆರವಣಿಗೆಯಲ್ಲಿ ಪಾರ್ಲಿಮೆಂಟಿನ ಕಡೆಗೆ ನಡೆದರು. ದಿನಕ್ಕೆ 8 ಗಂಟೆ ದುಡಿಮೆ, 8 ಗಂಟೆ ವಿನೋದ, 8 ಗಂಟೆ ವಿಶ್ರಾಂತಿ ಎಂಬುದು ಅವರ ಬೇಡಿಕೆ. ಕೂಲಿಯಲ್ಲಿ ಕಾಸೂ ಕಡಮೆಯಾಗದಂತೆ ಅದನ್ನು ಪಡೆದರು. ಈ ಮೂರು ಎಂಟುಗಳನ್ನು ಶಿಖರದಲ್ಲಿ ಧರಿಸಿರುವ ಸ್ಮಾರಕವೊಂದು ಇಂದಿಗೂ ಆ ನಗರದಲ್ಲಿದೆ. ಅಂದು ಈ ನಿಯಮವು ಎಲ್ಲರಿಗೂ ದೊರೆಯಲಿಲ್ಲ. ಇತರ ಕಸುಬಿನವರು ಅದಕ್ಕಾಗಿ ದಶಕಗಳವರೆಗೆ ಹೆಣಗಬೇಕಾಯಿತು. ನಮ್ಮ ಹುಡುಗರು ಸಂಜೆ ಐದು ಗಂಟೆಗೆ ಕಚೇರಿಯಿಂದ ಹೊರಟು ಮಕ್ಕಳೊಡನೆ ಉದ್ಯಾನಕ್ಕೆ ಹೋಗುವಾಗ, ಆ ಸಂಜೆಯನ್ನು ಮೊದಲು ಕೇಳಿ ಪಡೆದವರು ಕಲ್ಲು ಒಡೆಯುವವರೆಂಬುದನ್ನು ನೆನೆಯುವುದು ಯುಕ್ತ.

ಎರಡನೆಯದು ಕೂಲಿ. 1907ರಲ್ಲಿ ಕೊಯ್ಲಿನ ಯಂತ್ರಗಳನ್ನು ಮಾಡುವ ಒಂದು ಕಾರ್ಖಾನೆಯ ವ್ಯಾಜ್ಯವು ನ್ಯಾಯಾಧೀಶ ಹಿಗಿನ್ಸ್ ಅವರ ಮುಂದೆ ಬಂದಿತು. ನ್ಯಾಯವಾದ ಕೂಲಿ ಎಂದರೇನು ಎಂಬುದು ಪ್ರಶ್ನೆ. ಯಜಮಾನನಿಗೆ ಎಷ್ಟು ಕೊಡಲು ಅನುಕೂಲವೆಂದು ಅವರು ಲೆಕ್ಕ ಹಾಕಲಿಲ್ಲ; ಗಂಡ, ಹೆಂಡತಿ, ಮೂರು ಮಕ್ಕಳಿರುವ ಕುಟುಂಬವು ಮಾನವಾಗಿ ಬಾಳಲು ಮನೆಯ ಬಾಡಿಗೆ, ಆಹಾರ, ಉರುವಲುಗಳಿಗೆ ಎಷ್ಟು ಬೇಕೆಂದು ಗೃಹಿಣಿಯರ ಸಾಕ್ಷ್ಯವನ್ನೂ ಕೇಳಿ, ಕುಶಲವಿದ್ಯೆಯಿಲ್ಲದ ಕೂಲಿಯವನಿಗೂ ದಿನಕ್ಕೆ 7 ಷಿಲ್ಲಿಂಗು ಸಲ್ಲಬೇಕೆಂದು ತೀರ್ಪು ಕೊಟ್ಟರು. ಈ ತೀರ್ಪಿಗೆ ಆಧಾರವಾಗಿದ್ದ ಶಾಸನವನ್ನು ಮರುವರ್ಷವೇ ಅಲ್ಲಿಯ ಶ್ರೇಷ್ಠ ನ್ಯಾಯಸ್ಥಾನವು ರದ್ದು ಮಾಡಿತು. ಆದರೂ ತತ್ತ್ವವು ಉಳಿದುಕೊಂಡಿತು. ಮುಂದಿನ ಕೂಲಿಯ ನಿರ್ಣಯಗಳಿಗೆ ಅದೇ ಅಳತೆಗೋಲಾಯಿತು. ಅದರಲ್ಲಿ ಲೋಪವಿಲ್ಲದಿರಲಿಲ್ಲ. ಹೆಂಗಸರ ದುಡಿಮೆಗೆ ಸಮಾನ ವೇತನವೆಂಬ ನ್ಯಾಯವು 1969 ಮತ್ತು 1972ರ ತೀರ್ಪುಗಳವರೆಗೂ ಕಾಯಬೇಕಾಯಿತು.

ಈ ಕೂಲಿಯ ನ್ಯಾಯದಿಂದಲೇ ಅಲ್ಲಿಯ ಜನರ ನಡೆನುಡಿಯ ಸರಳತೆಯೂ ಪುಷ್ಟಿಯನ್ನು ಪಡೆದಿದೆಯೆಂದು ನಾವು ಭಾವಿಸುತ್ತೇವೆ. ಬಾಡಿಗೆಯ ಕಾರನ್ನು ಹತ್ತುವ ಒಂಟಿ ಪ್ರಯಾಣಿಕನು ಹಿಂದೆ ಕುಳಿತು ಅಪ್ಪಣೆ ಮಾಡದೆ, ಮುಂದೆ ಚಾಲಕನ ಪಕ್ಕದಲ್ಲಿ ಕುಳಿತು ಮಾತನಾಡುವ ರೂಢಿ ಅಲ್ಲಿ ಬಹುಕಾಲದಿಂದ ಬಂದಿದೆ. ಕೊಳಾಯಿಯ ಕೆಲಸದವನೂ ಕಚೇರಿಯ ಮೇಲಧಿಕಾರಿಯೂ ಪರಸ್ಪರ ಹೆಸರು ಹಿಡಿದು ಕರೆಯುವರು. ನಮ್ಮವರಿಗೆ ಇದು ಮೊದಲು ವಿಚಿತ್ರವಾಗಿ ಕಂಡು, ಬಳಿಕ ಹಿತವಾಗುತ್ತದೆ. ಕೈಕೆಲಸದವನ ಆದಾಯವು ಗೌರವಕ್ಕೆ ತಕ್ಕಷ್ಟಿದ್ದಲ್ಲಿ ಅವನ ತಲೆಯು ತಾನಾಗಿಯೇ ಎತ್ತರದಲ್ಲಿರುವುದು.

ಮೂರನೆಯದು ಮತದ ಹಕ್ಕು. ಓಟನ್ನು ಗುಟ್ಟಾಗಿ ಚೀಟಿಯಲ್ಲಿ ಕೊಡುವ ಪದ್ಧತಿಯನ್ನು ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯ ಪ್ರಾಂತಗಳು 1856ರಲ್ಲಿಯೇ ಜಾರಿಗೆ ತಂದವು. ದಕ್ಷಿಣ ಆಸ್ಟ್ರೇಲಿಯದ ಪಾರ್ಲಿಮೆಂಟು 1894ರಲ್ಲಿ ಹೆಂಗಸರಿಗೆ ಓಟನ್ನೂ ಉಮೇದುವಾರಿಕೆಯ ಹಕ್ಕನ್ನೂ ಒಪ್ಪಿಕೊಂಡಿತು. 1922ರ ಚುನಾವಣೆಯಲ್ಲಿ ನೂರಕ್ಕೆ 60 ಮಂದಿಯೂ ಮತ ನೀಡದೆ ಹೋದುದರಿಂದ 1924ರಲ್ಲಿ ಮತದಾನವನ್ನು ಕಡ್ಡಾಯ ಮಾಡಿದರು. ಮುಂದಿನ ವರ್ಷದ ಚುನಾವಣೆಯಲ್ಲಿ ಆ ಪ್ರಮಾಣವು 91ನ್ನು ಮೀರಿತು. ದುಡಿಯುವವರಿಗೆ ಅನುಕೂಲವಾಗಲೆಂದು ಮತದಾನವು ಶನಿವಾರದಲ್ಲಿ ನಡೆಯುವುದು. ಶಾಲೆಯ ಅಂಗಳದಲ್ಲಿ ಮಕ್ಕಳ ತಾಯಿತಂದೆಗಳು ತಿಂಡಿಯನ್ನು ಸುಟ್ಟು ಮಾರಿ ಶಾಲೆಯ ನಿಧಿಗೆ ಹಣ ಕೂಡಿಸುವರು. ಬಡವನೂ ಸೋಮಾರಿಯೂ ಮತಗಟ್ಟೆಗೆ ಬಂದೇ ತೀರಬೇಕಾದ ದೇಶದಲ್ಲಿ ಬಡವನನ್ನು ಮರೆತು ಸರ್ಕಾರ ನಡೆಸುವುದು ಸುಲಭವಲ್ಲ. ಸಾರ್ವಜನಿಕ ವೈದ್ಯವಿಮೆಯನ್ನು ಒಂದು ಸರ್ಕಾರವು 1975ರಲ್ಲಿ ಕಟ್ಟಿತು, ಮತ್ತೊಂದು ಕೆಡವಿತು. 1984ರಲ್ಲಿ ಅದು ಮೆಡಿಕೇರ್ ಎಂಬ ಹೆಸರಿನಿಂದ ಪುನಃ ಸ್ಥಾಪಿತವಾಗಿ ಇಂದಿಗೂ ನಿಂತಿದೆ.

ಇನ್ನು ಎಲ್ಲರೂ ಮೆಚ್ಚುವ ಕಡಲ ತೀರ. 1902ರವರೆಗೂ ಸಿಡ್ನಿಯ ಸಮೀಪದ ಮ್ಯಾನ್ಲಿಯಲ್ಲಿ ಹಗಲು ಹೊತ್ತು ಸಮುದ್ರಸ್ನಾನ ಮಾಡುವುದು ಅಪರಾಧವಾಗಿತ್ತು. ಆ ವರ್ಷ ಗೋಚರ್ ಎಂಬ ಪತ್ರಿಕಾ ಸಂಪಾದಕನು, ಬರುವುದಾಗಿ ಮುಂಚಿತವಾಗಿ ಪ್ರಕಟಿಸಿ, ಹಗಲಿನಲ್ಲಿ ನೀರಿಗಿಳಿದನು. ಮರುವರ್ಷ ನಿಷೇಧವು ಸಡಿಲವಾಯಿತು. ಜನರು ನೀರಿಗಿಳಿದಂತೆ ಮುಳುಗುವವರೂ ಹೆಚ್ಚಿದರು. ಆಗ ಊರಿನವರೇ ಸೇರಿ ಜೀವರಕ್ಷಕ ಸಂಘಗಳನ್ನು ಕಟ್ಟಿಕೊಂಡರು. ಬಾಂಡಿಯ ಸಂಘವು 1907ರದು. 1938ನೆಯ ಫೆಬ್ರವರಿ 6ರಂದು ಅದೇ ಬಾಂಡಿಯಲ್ಲಿ ಭಾರಿಯ ಅಲೆಗಳು ನೂರಾರು ಮಂದಿಯನ್ನು ಒಮ್ಮೆಗೇ ಒಳಕ್ಕೆಳೆದುವು. ಐವರು ಪ್ರಾಣಬಿಟ್ಟರು, ಉಳಿದವರನ್ನು ಸ್ವಯಂಸೇವಕರು ಹಗ್ಗ ಹಿಡಿದು ಹೊರಕ್ಕೆ ತಂದರು. ಕೆಂಪು ಹಳದಿ ಬಾವುಟಗಳ ನಡುವೆ ನಿರ್ಭಯವಾಗಿ ಈಜುವವರ ಸುಖವು ಸಂಬಳವಿಲ್ಲದೆ ಕಾವಲು ನಿಂತವರ ದಾನ. ಹಳ್ಳಿಗಾಡಿನ ಬೆಂಕಿಯನ್ನು ಆರಿಸುವವರಲ್ಲಿಯೂ ಸಹಸ್ರಾರು ಮಂದಿ ಇಂತಹ ಸ್ವಯಂಸೇವಕರೇ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಸತ್ಯವನ್ನು ಅರ್ಧ ಹೇಳಿದಂತಾಗುವುದು. ಕೂಲಿಯವನ ಮಾನವನ್ನು ಕಾಯ್ದ ಅದೇ ಜನರು ಆ ಮಾನವನ್ನು ಬಿಳಿಯ ಚರ್ಮಕ್ಕೆ ಮೀಸಲು ಮಾಡಿದರು. 1901ರ ಶಾಸನದಂತೆ ಬಂದರಿಗೆ ಬಂದ ಪರಕೀಯನಿಗೆ ಯಾವುದಾದರೊಂದು ಯುರೋಪಿನ ಭಾಷೆಯಲ್ಲಿ 50 ಪದಗಳ ಉಕ್ತಲೇಖನವನ್ನು ಕೊಡಬಹುದಾಗಿತ್ತು; ಏಷ್ಯದವನು ತೇರ್ಗಡೆಯಾಗದಂತೆ ಭಾಷೆಯನ್ನು ಆರಿಸುವುದು ಅಧಿಕಾರಿಯ ಕೈಯಲ್ಲಿತ್ತು. 1922ರಲ್ಲಿ ಶ್ರೀನಿವಾಸ ಶಾಸ್ತ್ರಿಗಳು ಆ ದೇಶದಲ್ಲಿ ಸಂಚರಿಸಿ, ಅಲ್ಲಿ ಅದಾಗಲೇ ನೆಲೆಸಿದ್ದ ಭಾರತೀಯರ ಪರವಾಗಿ ವಾದಿಸಿದರು. 1925ರಲ್ಲಿ ಅವರಿಗೆ ಪಾರ್ಲಿಮೆಂಟಿನ ಓಟು ದೊರೆಯಿತು. ಬಾಗಿಲು ಮಾತ್ರ ಮುಚ್ಚಿಯೇ ಇತ್ತು. ಉಕ್ತಲೇಖನದ ಪರೀಕ್ಷೆ 1958ರಲ್ಲಿ ಹೋಯಿತು, 1966ರಲ್ಲಿ ಕದವು ಸ್ವಲ್ಪ ಸರಿಯಿತು, 1973ರಲ್ಲಿ ವಿಟ್ಲಮ್ ಅವರ ಸರ್ಕಾರವು ವರ್ಣಭೇದದ ನೀತಿಯನ್ನು ಪೂರ್ತಿಯಾಗಿ ತೊಡೆದುಹಾಕಿತು. ಇಂದು ನಮ್ಮವರು ವಿಮಾನದಿಂದಿಳಿದು ನಗುಮುಖದಿಂದ ಒಳಗೆ ಹೋಗುವ ಬಾಗಿಲು ಇದೇ.

ಮೂಲನಿವಾಸಿಗಳ ಪ್ರಶ್ನೆಯು ಇದಕ್ಕಿಂತಲೂ ಗುರುತರವಾದುದು. 1788ರಲ್ಲಿ ಆಂಗ್ಲರ ಹಡಗುಗಳು ಬಂದು ನಿಂತಾಗ ಆ ನೆಲದಲ್ಲಿ ಜನರು ವಾಸಿಸಲಾರಂಭಿಸಿ ಹತ್ತಾರು ಸಾವಿರ ವರ್ಷಗಳಾಗಿದ್ದುವು. ಆದರೂ ಅದು ಯಾರಿಗೂ ಸೇರದ ನೆಲವೆಂಬ ಮಿಥ್ಯೆಯನ್ನು ನ್ಯಾಯಸ್ಥಾನವು ತಳ್ಳಿಹಾಕಿದುದು 1992ರ ಮಾಬೊ ತೀರ್ಪಿನಲ್ಲಿ. ತಾಯಂದಿರಿಂದ ಕಿತ್ತುಕೊಂಡು ಹೋದ ಮಕ್ಕಳ ವಿಷಯದಲ್ಲಿ ಪ್ರಧಾನಿ ಕೆವಿನ್ ರಡ್ ಅವರು 2008ರಲ್ಲಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಬೇಡಿದರು. 2023ರ ಅಕ್ಟೋಬರಿನಲ್ಲಿ ಅವರಿಗೆ ರಾಜ್ಯಾಂಗದಲ್ಲಿ ಒಂದು ಸಲಹಾಮಂಡಲಿಯ ಸ್ಥಾನವನ್ನು ಕೊಡುವ ಸೂಚನೆಯನ್ನು ನೂರಕ್ಕೆ 60 ಮಂದಿ ಮತದಾರರು ನಿರಾಕರಿಸಿದರು. ಈ ಋಣವು ಇನ್ನೂ ತೀರಿಲ್ಲ. ಆ ನೆಲದ ಸುಖವನ್ನುಣ್ಣುವವರೆಲ್ಲರೂ, ನಮ್ಮವರನ್ನೂ ಸೇರಿಸಿ, ಆ ಋಣದ ಭಾಗಿಗಳೇ.

ನಮ್ಮವರಿಗೆ ಅಲ್ಲಿ ಕಷ್ಟಗಳಿಲ್ಲವೆಂದಲ್ಲ. ಸಿಡ್ನಿಯಲ್ಲಿ ಸ್ವಂತ ಮನೆಯ ಆಸೆಯು ಸಾಮಾನ್ಯನಿಗೆ ದುರ್ಲಭವಾಗಿದೆ. 2009ರಲ್ಲಿ ಮೆಲ್ಬೋರ್ನಿನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ನಡೆದ ಹಲ್ಲೆಗಳನ್ನು ನಾವು ಮರೆತಿಲ್ಲ. ಶಾಸನವು ಗೊತ್ತುಮಾಡಿದ ಕೂಲಿಗಿಂತ ಕಡಮೆ ಕೊಟ್ಟು ಪರದೇಶದ ವಿದ್ಯಾರ್ಥಿಗಳನ್ನು ದುಡಿಸಿದ ಪ್ರಕರಣಗಳು ವಿಚಾರಣೆಗೆ ಬಂದಿವೆ. ನಾವು ನಾಚಿಕೆಯಿಂದ ಹೇಳಬೇಕಾದುದೇನೆಂದರೆ, ಹಾಗೆ ದುಡಿಸಿದ ಯಜಮಾನರಲ್ಲಿ ಭಾರತೀಯರೇ ಇದ್ದುದುಂಟು. ಕಲ್ಲುಕುಟಿಗರು ಗಳಿಸಿಕೊಟ್ಟ ಸಂಜೆಯನ್ನು ತಾನು ಅನುಭವಿಸಿ, ತನ್ನ ದೇಶದ ಹುಡುಗನಿಗೆ ಅದನ್ನು ತಪ್ಪಿಸುವವನು ಆ ದೇಶಕ್ಕೂ ದ್ರೋಹಿ, ಈ ದೇಶಕ್ಕೂ ದ್ರೋಹಿ.

ಆದುದರಿಂದ ಅಲ್ಲಿ ನೆಲೆಸಿರುವ ನಮ್ಮ ಬಂಧುಗಳಿಗೆ ನಮ್ಮ ವಿಜ್ಞಾಪನೆಯಿಷ್ಟೇ. ಆ ಸುಖವನ್ನು ಛತ್ರದ ಊಟದಂತೆ ಉಂಡು ಏಳಬೇಡಿರಿ. ಕಡಲಿನ ಕಾವಲಿಗೂ ಬೆಂಕಿಯ ದಳಕ್ಕೂ ನಿಮ್ಮ ಮಕ್ಕಳನ್ನು ಕಳುಹಿಸಿರಿ. ಪೌರತ್ವವನ್ನು ಪಡೆದ ಮೇಲೆ ಓಟನ್ನು ದಂಡದ ಭಯದಿಂದ ಹಾಕದೆ ವಿಚಾರಮಾಡಿ ಹಾಕಿರಿ. ಕನ್ನಡವನ್ನು ಮನೆಯಲ್ಲಿ ಉಳಿಸಿಕೊಳ್ಳುವ ನೀವು, ಆ ನೆಲದ ಮೊದಲ ಜನರ ನುಡಿಗಳು ಅಳಿಯುತ್ತಿರುವ ವ್ಯಥೆಯನ್ನು ಇತರರಿಗಿಂತ ಚೆನ್ನಾಗಿ ಬಲ್ಲಿರಿ.

ಇಲ್ಲಿರುವ ತಂದೆತಾಯಿಗಳಿಗೂ ಒಂದು ಮಾತು. ರಜೆಗೆ ಬಂದ ಮಗನನ್ನು ಸಂಬಳವೆಷ್ಟೆಂದು ಎಲ್ಲರೂ ಕೇಳುವರು. ಅಲ್ಲಿ ಚಾಲಕನ ಪಕ್ಕದಲ್ಲಿ ಕುಳಿತು, ತನ್ನ ತಟ್ಟೆಯನ್ನು ತಾನೇ ತೊಳೆಯುವವನು ಇಲ್ಲಿ ಮನೆಗೆಲಸದವಳೊಡನೆ ಹೇಗೆ ಮಾತನಾಡುವನೆಂಬುದನ್ನು ಗಮನಿಸಿ ನೋಡುವವರು ಕಡಮೆ. ಅವನು ತಂದಿರುವ ಸಾಮಾನುಗಳಲ್ಲಿ ಆ ದೇಶದ ಸಭ್ಯತೆಯೂ ಇದೆಯೋ ಇಲ್ಲವೋ ಎಂಬುದು ಅಲ್ಲಿ ಗೊತ್ತಾಗುವುದು.