ಗೋರಿಗೆ ಬಳಿದ ಸುಣ್ಣ

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಸೇಂಟ್ ಲೂಯಿ ಒಂದನೆಯ ಶ್ಮಶಾನವು 1789ರಲ್ಲಿ ಸ್ಥಾಪಿತವಾದುದು. ಅಲ್ಲಿ ಗೋರಿಗಳು ನೆಲದ ಮೇಲೆ ಇಟ್ಟಿಗೆಯ ಪುಟ್ಟ ಮನೆಗಳಂತೆ ನಿಂತಿವೆ. ನವೆಂಬರ್ 1ರ ಸರ್ವಸಂತರ ಹಬ್ಬಕ್ಕೆಂದು ಬಂಧುಗಳು ಅವಕ್ಕೆ ಸುಣ್ಣ ಬಳಿದು ಸೇವಂತಿಗೆಯಿರಿಸುವುದು ಪೂರ್ವದಿಂದ ಬಂದ ಸಂಪ್ರದಾಯ. ಸುಣ್ಣವು ಇಟ್ಟಿಗೆಯ ತೇವವನ್ನು ಹೊರಬಿಡುತ್ತದೆ. ಭಕ್ತಿಯೇ ಜೀರ್ಣೋದ್ಧಾರವಾದ ಪರಿಯಿದು! 2013ರಲ್ಲಿ ಯಾರೋ, ವೂಡೂ ಮಾಂತ್ರಿಕೆ ಮರೀ ಲಾವೋಳದೆನ್ನಲಾದ ಗೋರಿಗೆ ಗುಲಾಬಿ ಬಣ್ಣ ಬಳಿದರು. ಅದು ತೇವವನ್ನು ಒಳಗೇ ಹಿಡಿದಿಡುವ ಬಣ್ಣ. (ಬಳಿದವರಿಗೂ ಭಕ್ತಿಯಿದ್ದಿತೋ ಏನೋ, ಬಲ್ಲವರಾರು?) 2015ರಿಂದ, ಗೋರಿಯ ಬಂಧುಗಳನ್ನುಳಿದು ಮಿಕ್ಕವರಿಗೆ ಮಾರ್ಗದರ್ಶಕರಿಲ್ಲದೆ ಪ್ರವೇಶವಿಲ್ಲ. ಇದು ಉಚಿತವೇ. ಆದರೆ ಕಾವಲುಗಾರನು ಕೆಡಿಸುವ ಕೈಯನ್ನು ತಡೆದಾನಲ್ಲದೆ, ಸುಣ್ಣ ಬಳಿಯುವ ಕೈಯನ್ನು ಕರೆತಂದಾನೆ? ವಂಶವಳಿದ ಗೋರಿಯ ಗಾರೆ ಉದುರುತ್ತಲೇ ಇರುತ್ತದೆ. ಪ್ರವಾಸಿಗಳಿಂದ ಬರುವ ಹಣದ ಮೊದಲ ಪಾಲು, ಪ್ರತಿವರ್ಷ ಹಬ್ಬಕ್ಕೆ ಮುನ್ನ, ಅಂಥ ಅನಾಥ ಗೋರಿಗಳ ಸುಣ್ಣಕ್ಕೆ ಸಲ್ಲತಕ್ಕದ್ದು.